ಕೇಳಿಸಿದರೂ ಕೈ ಎತ್ತಬೇಡ

(ಗುರುತು ಸಿಗದಂತೆ ಊರು, ಉದ್ಯೋಗ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿ ಮತ್ತು ತಂದೆ-ತಾಯಿ ಒಪ್ಪಿದ ಮೇಲೆಯೇ ಇದನ್ನು ಬರೆದದ್ದು.)

"ಕರೆದರೆ ಓಗೊಡೋದಿಲ್ಲ ಮೇಡಂ. ಮೂರ್ನಾಲ್ಕು ಸಲ ಕೂಗಿದ ಮೇಲೆ ತಿರುಗಿ ನೋಡ್ತಾಳೆ. ರಾತ್ರಿ ನಿದ್ದೆ ಇಲ್ಲ. ಕೂದಲು ಉದುರ್ತಾ ಇದೆ. ಓದೋಕೆ ಕೂತರೆ ಗಂಟೆಗಟ್ಟಲೆ ಅದೇ ಪುಟ."

ತಾಯಿ ಹೇಳಿದ್ದು ಇಷ್ಟೇ. ಮಗಳಿಗೆ 18 ವರ್ಷ. ಮೊದಲ ಸಲ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆದಾಗ 720ಕ್ಕೆ ಮುನ್ನೂರರ ಆಸುಪಾಸು ಬಂದಿತ್ತು. ಈಗ ಎರಡನೇ ಸಲಕ್ಕೆ ಲಾಂಗ್ ಟರ್ಮ್ ಕೋಚಿಂಗ್. ತಂದೆ ರಸ್ತೆ, ಸೇತುವೆ ಕೆಲಸದ ಗುತ್ತಿಗೆದಾರರು. ಅಂಕೋಲಾ ಕಡೆಯ ಅನುಕೂಲಸ್ಥ ಮನೆ. ಕಾರವಾರಕ್ಕೆ ಬಂದು, ಮನಸ್ಸಿನ ತೊಂದರೆಗಳನ್ನು ನೋಡುವ ನನ್ನ ಹತ್ತಿರ ತೋರಿಸಿದರೆ ಊರಲ್ಲಿ ಯಾರಿಗೂ ಗೊತ್ತಾಗೋದಿಲ್ಲ ಅನ್ನುವ ಲೆಕ್ಕಾಚಾರವೂ ಇತ್ತು.

ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯ ಜೊತೆ ಮಾತಾಡಿದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಆದರೆ ಪ್ರತಿ ಪ್ರಶ್ನೆಗೂ ಒಂದು ಕ್ಷಣ ತಡ. ಆ ಹೊತ್ತಿಗೆ ಹೊರಗೆ ಯಾರದೋ ಕೈಯಿಂದ ಸ್ಟೀಲ್ ಲೋಟ ಜಾರಿ ಬಿತ್ತು. ನಾನು ಬೆಚ್ಚಿದೆ. ಅವಳ ಕತ್ತು ಅರ್ಧ ತಿರುಗಿ ಅಲ್ಲೇ ನಿಂತಿತು. ಮತ್ತೆ ನೇರವಾಗಿ ಕೂತು ನನ್ನ ತುಟಿಯನ್ನೇ ನೋಡತೊಡಗಿದಳು. ಕಿವಿ ಕೇಳದವರು ಹಾಗೆ ಅರ್ಧಕ್ಕೆ ನಿಲ್ಲುವುದಿಲ್ಲ. ಕೇಳಿಸಿಯೂ ತಡೆದುಕೊಳ್ಳುವವರು ನಿಲ್ಲುತ್ತಾರೆ.

"ಕಿವಿ ಪರೀಕ್ಷೆ ಏನಾದರೂ ಮಾಡಿಸಿದ್ದೀರಾ?" ಎಂದು ಕೇಳಿದೆ. ಅಳು ಬಂದುಬಿಟ್ಟಿತು.

ನಡೆದದ್ದು ಹೀಗೆ. ಮೊದಲ ಫಲಿತಾಂಶ ಬಂದ ಮೇಲೆ ಹುಬ್ಬಳ್ಳಿಯಲ್ಲಿ ಅಪ್ಪನಿಗೆ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5ರಷ್ಟು ಸೀಟು ಅಂಗವಿಕಲರಿಗೆ ಮೀಸಲು. ಕನಿಷ್ಠ ಶೇ. 40ರಷ್ಟು ನ್ಯೂನತೆ ಇರಬೇಕು. ಕೈಕಾಲಿನದ್ದಾದರೆ ಕಣ್ಣಿಗೆ ಕಾಣುತ್ತದೆ, ಕಿವಿಯದ್ದು ಕಾಣುವುದಿಲ್ಲ, ಆದ್ದರಿಂದ ಸುಲಭ ಅಂತ ಅವನ ವಾದ. ಅಡ್ವಾನ್ಸ್ ಕೊಟ್ಟಾಗಿದೆ. ಒಂದು ಖಾಸಗಿ ಜಾಗದಲ್ಲಿ ಶ್ರವಣ ಪರೀಕ್ಷೆಯ ವರದಿಯೂ ಆಗಿದೆ. ಇನ್ನು ನ್ಯೂನತೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಮೆಡಿಕಲ್ ಬೋರ್ಡ್ ಮುಂದೆ ಕೂರುವುದು ಬಾಕಿ. ಸರ್ಕಾರಕ್ಕೆ ಇನ್ನೂ ಯಾವ ಕಾಗದವೂ ಹೋಗಿರಲಿಲ್ಲ.

ಆ ಪರೀಕ್ಷೆಯ ದಿನವನ್ನು ಅವಳು ವಿವರಿಸಿದ ರೀತಿ ನನಗೆ ಮರೆಯಲಾಗಿಲ್ಲ. ಸಣ್ಣ ಕೋಣೆ, ಕಿವಿಗೆ ಹೆಡ್‌ಫೋನ್. ಪೀಂ ಅಂತ ಶಬ್ದ ಬಂದಾಗ ಬೆರಳು ಎತ್ತಬೇಕು. ಶಬ್ದ ನಿಧಾನಕ್ಕೆ ಜೋರಾಗುತ್ತಾ ಹೋಗುತ್ತದೆ. "ಕೇಳಿಸಿದರೂ ಕೈ ಎತ್ತಬೇಡ, ತೀರಾ ಜೋರಾದ ಮೇಲೆ ಎತ್ತು ಅಂದಿದ್ದರು ಮೇಡಂ. ಮೊದಲನೇ ಸಲಕ್ಕೇ ಸ್ಪಷ್ಟ ಕೇಳಿಸ್ತು. ಬೆರಳು ತನ್ನಿಂದ ತಾನೇ ಏಳ್ತಾ ಇತ್ತು. ತೊಡೆಗೆ ಒತ್ತಿ ಹಿಡ್ಕೊಂಡೆ." ಹೇಳುವಾಗಲೂ ಬಲಗೈ ತೊಡೆಗೆ ಒತ್ತಿಕೊಂಡೇ ಇತ್ತು.

ಇದಕ್ಕಿಂತ ಜಾಸ್ತಿ ಅವಳನ್ನು ಕಾಡುತ್ತಿದ್ದದ್ದು ಅಜ್ಜಿಯ ವಿಷಯ. ಮನೆಯಲ್ಲಿ ಅಪ್ಪನ ತಾಯಿ ಇದ್ದಾರೆ. ಅವರಿಗೆ ನಿಜವಾಗಿಯೂ ಕಿವಿ ಮಂದ. ಎಡಗಿವಿ ಸ್ವಲ್ಪ ವಾಸಿ, ಹಾಗಾಗಿ ಯಾರು ಮಾತಾಡಿದರೂ ಎಡಗಿವಿಯನ್ನು ಅವರ ಕಡೆಗೆ ಮಾಡಿ ಕೂರುತ್ತಾರೆ. ಅರ್ಥವಾಗದಿದ್ದರೆ ನಕ್ಕು ತಲೆಯಾಡಿಸುತ್ತಾರೆ. ಬೋರ್ಡಿನವರು ನಂಬಬೇಕಾದರೆ ದಿನಾ ಅಭ್ಯಾಸ ಮಾಡು ಎಂದು ಏಜೆಂಟ್ ಹೇಳಿದ್ದ. ಇವಳು ಅಜ್ಜಿಯನ್ನು ನೋಡಿ ನೋಡಿ ಕಲಿಯಲು ಶುರುಮಾಡಿದ್ದಳು. ಎಲ್ಲಿ ನೋಡ್ತಾರೆ, ಎಷ್ಟು ಹೊತ್ತಿಗೆ ತಿರುಗ್ತಾರೆ, ಹೇಗೆ "ಆಂ?" ಅಂತಾರೆ. "ಅಜ್ಜಿ ನನ್ನ ಹತ್ರಾನೇ 'ತಂಗೀ, ಅವರು ಏನಂದ್ರು?' ಅಂತ ಕೇಳೋದು. ನಾನು ಅವರನ್ನೇ ಕದೀತಾ ಇದ್ದೀನಿ ಅನ್ನಿಸ್ತದೆ." ಕೊನೆಗೆ ಅಜ್ಜಿಯ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಅಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ ಅಮ್ಮ ಅಡಿಗೆಮನೆಯಿಂದ ಕರೆದರೂ ತಕ್ಷಣ ತಿರುಗಲು ಆಗುತ್ತಿರಲಿಲ್ಲ. ನಿದ್ದೆ ಹೋದದ್ದು, ಓದು ನಿಂತದ್ದು ಎಲ್ಲ ಇದರ ಬೆನ್ನಿಗೇ. ಖಾಯಿಲೆ ಅವಳದ್ದಲ್ಲ. ಮನೆಯವರು ಹೊರಿಸಿದ ಸುಳ್ಳನ್ನು ಮೈಮೇಲೆ ಹೊತ್ತು ತಿರುಗುವ ಸುಸ್ತು ಅದು.

ಅವಳಿಗೆ ಎರಡು ಮಾತು ಹೇಳಿದೆ. ನೀನು ಹೇಳಿದ್ದನ್ನು ನಿನ್ನನ್ನು ಕೇಳದೆ ಅಪ್ಪನ ಮುಂದೆ ಎತ್ತುವುದಿಲ್ಲ. ಆದರೆ ಈ ಕೆಲಸ ಮುಂದುವರಿಯಲು ನನ್ನಿಂದ ಒಂದಕ್ಷರದ ಸಹಾಯವೂ ಸಿಗುವುದಿಲ್ಲ. "ಅಪ್ಪನ ಹತ್ರ ನೀವೇ ಮಾತಾಡಿ" ಅಂದಳು. ಮೊದಲ ಮಾತು ನಿನ್ನದೇ ಆಗಿರಲಿ, ಉಳಿದದ್ದಕ್ಕೆ ನಾನಿದ್ದೇನೆ ಅಂದೆ. ಅವಳಿಗೆ 18 ತುಂಬಿದೆ. ಅರ್ಜಿಯ ಕೆಳಗೆ ಬೀಳುವ ಸಹಿ ಅವಳದ್ದು. ನಾಳೆ ಕೇಸಾದರೆ ಮೊದಲ ಹೆಸರೂ ಅವಳದ್ದೇ. ಬೇಡ ಅನ್ನುವ ಹಕ್ಕು ಅವಳಿಗೆ ಪೂರ್ತಿಯಾಗಿ ಇದೆ. ಒಂದೇ ವಾಕ್ಯ ಹೇಳಿ ಅಭ್ಯಾಸ ಮಾಡಿದೆವು: "ಅಪ್ಪಾ, ನಾನು ಆ ಬೋರ್ಡಿನ ಮುಂದೆ ಕೂರೋದಿಲ್ಲ."

ಹೇಳಿದಳು. ಮನೆಯಲ್ಲಿ ದೊಡ್ಡ ಜಗಳವಾಯಿತು. ಆಮೇಲೆ ಅಪ್ಪ ಸಿಟ್ಟಿನಲ್ಲೇ ನನ್ನ ಹತ್ತಿರ ಬಂದರು.

ಅವರನ್ನು ಕೆಟ್ಟವರು ಅಂತ ಒಂದು ಮಾತಿನಲ್ಲಿ ಬದಿಗಿಡಲು ನಾನು ತಯಾರಿಲ್ಲ. ಅವರ ತಂದೆ ತೀರಿಕೊಂಡದ್ದು ಆಂಬುಲೆನ್ಸಿನಲ್ಲಿ, ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ. ನಮ್ಮ ಜಿಲ್ಲೆಯವರಿಗೆ ಇದು ಹೊಸ ಕತೆಯಲ್ಲ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದ್ದರೂ ದೊಡ್ಡ ಖಾಯಿಲೆ ಅಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಬೀದಿಗಿಳಿದದ್ದು ಸುಮ್ನೆ ಅಲ್ಲ. "ಮನೆಯಲ್ಲೊಬ್ಬ ಡಾಕ್ಟರ್ ಇದ್ದಿದ್ದರೆ" ಅನ್ನುವ ನೋವು ಅವರಲ್ಲಿ ನಿಜವಾಗಿ ಇತ್ತು.

"ಮ್ಯಾನೇಜ್‌ಮೆಂಟ್ ಸೀಟು ಕೊಡಿಸುವ ಶಕ್ತಿ ನಿಮಗಿದೆ ಅಲ್ವಾ?" ಎಂದು ಕೇಳಿದೆ.

"ಇದೆ. ಆದರೆ ದುಡ್ಡು ಕೊಟ್ಟು ಕೊಂಡ ಸೀಟು ಅಂತ ನಾಳೆ ಯಾರೂ ಅನ್ನಬಾರದು. ಬೆಂಗಳೂರಿನ ಸರ್ಕಾರಿ ಕಾಲೇಜು ಅಂದ್ರೆ ಅದರ ತೂಕವೇ ಬೇರೆ."

ಈ ಮಾತಿನ ಮೇಲೆ ನಾವು ಬಹಳ ಹೊತ್ತು ನಿಂತೆವು. ಹಣ ಕೊಟ್ಟದ್ದು ಗೊತ್ತಾಗಬಾರದೆಂದು ಹಣ ಕೊಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಸೀಟಿಗಿಂತ ಹೆಚ್ಚಾಗಿ ಆ ಕಾಲೇಜಿನ ಹೆಸರು. ಅದು ಮಗಳು ಗೆದ್ದು ತಂದ ಹಾಗೆ ಕಾಣಬೇಕು. ಮಗಳು ಗೆಲ್ಲುತ್ತಾಳೆ ಎಂಬ ನಂಬಿಕೆ ಮಾತ್ರ ಅವರಿಗೆ ಇರಲಿಲ್ಲ.

"ಎಲ್ಲರೂ ಮಾಡ್ತಾರೆ ಮೇಡಂ. 2024ರ ನೀಟ್‌ನಲ್ಲಿ 67 ಮಕ್ಕಳಿಗೆ 720ಕ್ಕೆ 720 ಬಂತು. ಅದರಲ್ಲಿ ಸಾಚಾ ಯಾರು?" ಅಂದರು. ನಾನು ಸುಮ್ಮನಿರಲಿಲ್ಲ. ಆ 67 ಪರಿಷ್ಕೃತ ಫಲಿತಾಂಶದಲ್ಲಿ 17ಕ್ಕೆ ಇಳಿಯಿತು. ಪಟ್ನಾ ಮತ್ತು ಹಜಾರಿಬಾಗ್‌ನಲ್ಲಿ ಪೇಪರ್ ಸೋರಿದ್ದು ನಿಜ ಎಂದು ಸುಪ್ರೀಂ ಕೋರ್ಟೇ ಹೇಳಿತು. ಸಿಬಿಐ ಬಂಧಿಸಿದವರಲ್ಲಿ ಆಗಲೇ ಎಂಬಿಬಿಎಸ್ ಓದುತ್ತಿದ್ದ ಹುಡುಗರೂ ಇದ್ದರು. ಕಷ್ಟಪಟ್ಟು ಗಳಿಸಿದ ಸೀಟನ್ನೂ ಪಣಕ್ಕಿಟ್ಟ ಮಕ್ಕಳು ಅವರು. ನಿಮ್ಮ ಮಗಳನ್ನು ಆ ಸಾಲಿನಲ್ಲಿ ನಿಲ್ಲಿಸಬೇಕಾ?

ಏಜೆಂಟ್ ಹೇಳದೆ ಬಿಟ್ಟಿದ್ದನ್ನು ನಾನು ಬಿಡಿಸಿ ಹೇಳಿದೆ. ಬೆರಳೆತ್ತುವ ಪರೀಕ್ಷೆಯಲ್ಲಿ ಮೋಸ ಮಾಡಬಹುದು, ಏಕೆಂದರೆ ಅದು ನಿಂತಿರುವುದೇ ನಮ್ಮ ಉತ್ತರದ ಮೇಲೆ. ಬೆರಾ ಎಂಬ ಇನ್ನೊಂದು ಪರೀಕ್ಷೆ ಇದೆ. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ ಕಿವಿಗೆ ಟಿಕ್ ಟಿಕ್ ಶಬ್ದ ಬಿಡುತ್ತಾರೆ. ಮೆದುಳಿಗೆ ಶಬ್ದ ತಲುಪಿತೋ ಇಲ್ಲವೋ ಯಂತ್ರವೇ ದಾಖಲಿಸುತ್ತದೆ. ನಿದ್ದೆಯಲ್ಲಿರುವ ಹಸುಗೂಸಿಗೂ ಈ ಪರೀಕ್ಷೆ ಮಾಡುತ್ತಾರೆ. ಅಲ್ಲಿ ನಟನೆ ನಡೆಯುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಈ ಕೋಟಾದ ಅಭ್ಯರ್ಥಿಗಳನ್ನು ಬೆಂಗಳೂರಿಗೆ ಕರೆಸಿ ಮತ್ತೆ ತಪಾಸಣೆ ಮಾಡಿಸುತ್ತದೆ. ಅಂಗವಿಕಲರ ಸೌಲಭ್ಯವನ್ನು ಮೋಸದಿಂದ ಪಡೆದರೆ, ಪಡೆಯಲು ಪ್ರಯತ್ನಿಸಿದರೂ, ಅದೇ 2016ರ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಮ್ಮೆ ಸೇರಿಬಿಟ್ಟರೆ ಮುಗೀತು ಅನ್ನುವುದೂ ಇಲ್ಲ. ಸುಳ್ಳು ಜಾತಿ ಪ್ರಮಾಣಪತ್ರದ ಪ್ರಕರಣಗಳಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್, ವರ್ಷಗಳು ಕಳೆದವು ಎಂಬ ಕಾರಣಕ್ಕೆ ಅಂಥ ಸೀಟು, ನೌಕರಿ ಉಳಿಸಿಕೊಡಲಾಗದು ಎಂದಿದೆ.

ಆದರೆ ಬರೀ ಹೆದರಿಕೆಯಿಂದ ಅವರು ಹಿಂದೆ ಸರಿಯುವುದು ನನಗೆ ಬೇಕಾಗಿರಲಿಲ್ಲ. ಕುಮಟಾ ಕಡೆಯ ಮೀನುಗಾರರ ಮನೆಯ ಒಬ್ಬ ಹುಡುಗ ನನ್ನಲ್ಲಿಗೆ ಬರುತ್ತಾನೆ. ಹುಟ್ಟಿನಿಂದ ಕಿವಿ ಮಂದ. ಕಡಲ ಗಾಳಿ, ಮಳೆಗಾಲದ ತೇವಕ್ಕೆ ಅವನ ಕಿವಿಯ ಮೆಷಿನ್ ಪದೇ ಪದೇ ಕೆಡುತ್ತದೆ. ರಿಪೇರಿ ಆಗಿ ಬರುವತನಕ ಕ್ಲಾಸಿನಲ್ಲಿ ಬೋರ್ಡ್ ಮಾತ್ರ ನೋಡಿ ಕಲಿಯುತ್ತಾನೆ. ಆ ಕೋಟಾ ಇರುವುದು ಅವನಿಗೆ. "ನಿಮ್ಮ ಅಮ್ಮ ಚಿಕ್ಕವರಿದ್ದಾಗಲೇ ಕಿವಿ ಹೋಗಿದ್ದು, ಓದುವ ಆಸೆ ಇದ್ದಿದ್ದರೆ ಆ ಸೀಟು ಅವರದ್ದಾಗಿರುತ್ತಿತ್ತು" ಅಂದೆ. ಅವರು ಉತ್ತರ ಕೊಡಲಿಲ್ಲ.

ಅಮೆರಿಕದ ಒಂದು ಪ್ರಕರಣವನ್ನೂ ಹೇಳಿದೆ. ಶ್ರೀಮಂತರ ಮಕ್ಕಳನ್ನು ದೊಡ್ಡ ಕಾಲೇಜುಗಳಿಗೆ ಅಡ್ಡದಾರಿಯಲ್ಲಿ ಸೇರಿಸುತ್ತಿದ್ದ ರಿಕ್ ಸಿಂಗರ್ ಎಂಬವನ ಜಾಲ 2019ರ ಮಾರ್ಚ್‌ನಲ್ಲಿ ಬಯಲಾಯಿತು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗಲೆಂದು ಮಕ್ಕಳಿಗೆ ಕಲಿಕಾ ನ್ಯೂನತೆ ಇದೆ ಎಂದು ತೋರಿಸಿ ಅಂತ ಅವನು ತಂದೆ-ತಾಯಿಗೆ ಹೇಳಿಕೊಡುತ್ತಿದ್ದ. ಆ ಪ್ರಕರಣದಲ್ಲಿ ನಟಿ ಫೆಲಿಸಿಟಿ ಹಫ್‌ಮನ್ ಮಗಳ ಉತ್ತರ ತಿದ್ದಿಸಲು 15,000 ಡಾಲರ್ ಕೊಟ್ಟಿದ್ದರು. ಅವರಿಗೆ 14 ದಿನ ಜೈಲು ಶಿಕ್ಷೆ ಆಯಿತು. ಮಗಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾದಾಗ ಅವಳು ಅತ್ತು ಕೇಳಿದ್ದು, ನನ್ನ ಮೇಲೆ ನಿನಗೆ ಯಾಕೆ ನಂಬಿಕೆ ಇರಲಿಲ್ಲ ಎಂದು. ಇದನ್ನು ಹಫ್‌ಮನ್ ಅವರೇ ನ್ಯಾಯಾಧೀಶರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. "ನಿಮ್ಮ ಮಗಳಿಗೆ ಗೊತ್ತಿದೆ. ಅವಳ ಕೈಯಲ್ಲೇ ಮಾಡಿಸ್ತಾ ಇದ್ದೀರಿ. ಅವಳು ಇನ್ನೂ ಕೇಳಿಲ್ಲ ಅಷ್ಟೆ."

ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಹಾಗಾದ್ರೆ ಖಿನ್ನತೆ ಅಂತ ನೀವೊಂದು ಲೆಟರ್ ಕೊಡಬಹುದಾ? ಅದಕ್ಕೂ ಕೋಟಾ ಇದೆಯಂತೆ" ಅಂದರು. ಕೊಡುವುದಿಲ್ಲ ಅಂದೆ. ಹಳೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಸ್ವಂತ ಕೆಲಸದಲ್ಲಿ ಪ್ರತಿ ಬಾಗಿಲೂ ದುಡ್ಡಿಗೆ ತೆರೆಯುವುದನ್ನು ನೋಡಿ ಬೆಳೆದವರು ಅವರು.

ಮುಂದಿನ ಭೇಟಿಗೆ ಮೂವರೂ ಒಟ್ಟಿಗೆ ಬಂದರು. ನಾನು ಕೊಟ್ಟ ಸಲಹೆ ಇಷ್ಟು.

ಬೋರ್ಡಿಗೆ ಹೋಗುವುದು ಬೇಡ. ಆ ಖಾಸಗಿ ವರದಿಯನ್ನು ಎಲ್ಲೂ ಬಳಸಬಾರದು. ಅಡ್ವಾನ್ಸ್ ವಾಪಸ್ ಬರುತ್ತದೆ ಅಂತ ಕಾಯಬೇಡಿ, ಆ ಹಣದ ಹಿಂದೆ ಹೋದರೆ ಮತ್ತೆ ಅವನ ಹಿಡಿತಕ್ಕೇ ಸಿಗುತ್ತೀರಿ. ಆದರೆ ಮಗಳ ಮೂಲ ಅಂಕಪಟ್ಟಿ ಅವನ ಹತ್ತಿರ ಇತ್ತು. ಇಂಥ ಏಜೆಂಟರು ಮೊದಲು ಇಟ್ಟುಕೊಳ್ಳುವುದೇ ಅದನ್ನು. ಕೇಳಿ ತರಿಸಿಕೊಳ್ಳಿ, ಕೊಡದಿದ್ದರೆ ಅಂಕಪಟ್ಟಿಯ ಎರಡನೇ ಪ್ರತಿಗೆ ಅವಳು ಓದಿದ ಸಂಸ್ಥೆಯ ಮೂಲಕ ಅರ್ಜಿ ಹಾಕಿ, ಬೆದರಿಸಿದರೆ ವಕೀಲರನ್ನು ಕಂಡು ಪೊಲೀಸರ ಬಳಿ ಹೋಗಿ ಅಂದೆ.

ಅರ್ಜಿಯನ್ನು ಇನ್ನು ಮೇಲೆ ಮಗಳೇ ತುಂಬಬೇಕು. ಅಪ್ಪ ಫೀಸು ಕಟ್ಟಲಿ, ಸಾಕು. ನೀಟ್ ಇನ್ನೊಮ್ಮೆ ಬರೆಯುವುದು ಬಿಡುವುದು ಅವಳ ಇಷ್ಟ. ಸಿಇಟಿಯನ್ನೂ ಬರೆಯಲಿ. ಕೃಷಿ, ಪಶುವೈದ್ಯ, ಫಾರ್ಮಸಿ, ಶಿರಸಿಯಲ್ಲೇ ಇರುವ ಅರಣ್ಯ ಕಾಲೇಜು, ಇವುಗಳ ಬಗ್ಗೆ ಆ ಮನೆಯಲ್ಲಿ ಒಂದು ದಿನವೂ ಮಾತಾಗಿರಲಿಲ್ಲ.

ತಾಯಿಗೆ ಬೇರೆಯೇ ಮಾತು. ಅವರಿಗೆ ಎಲ್ಲ ಗೊತ್ತಿತ್ತು. ಮಗಳು ಓಗೊಡದಿರುವುದಕ್ಕೆ ಕಾರಣವೂ ಗೊತ್ತಿತ್ತು. ಗಂಡನಿಗೆ ಎದುರಾಡಲಾಗದೆ ಮಗಳನ್ನೇ ರೋಗಿಯಾಗಿ ಕರೆತಂದಿದ್ದರು. ಒಂದು ರೀತಿಯಲ್ಲಿ ಸಹಾಯ ಕೇಳಿದ್ದೇ ಅದು. ನಿಮಗೆ ಗೊತ್ತಿತ್ತು ಎಂಬುದನ್ನು ಮಗಳಿಗೆ ಬಾಯಿಬಿಟ್ಟು ಹೇಳಿ, ಅವಳ ಪರ ನಿಲ್ಲಿ ಅಂದೆ.

ಹುಡುಗಿಗೆ ದಿನಾ ಸಂಜೆ ಮಾಡಲು ಒಂದು ಕೆಲಸ ಕೊಟ್ಟೆ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು, ಕೇಳಿಸಿದ ಶಬ್ದವನ್ನೆಲ್ಲ ಬಾಯಲ್ಲಿ ಹೇಳಬೇಕು. ಅಲೆ, ಕಾಗೆ, ಬಸ್ಸಿನ ಹಾರ್ನ್, ಕುಕ್ಕರ್. ಶಬ್ದಕ್ಕೆ ತಿರುಗಬಾರದು ಎಂದು ಕಲಿತ ಮೈಗೆ ತಿರುಗಬಹುದು ಎಂದು ಮತ್ತೆ ಕಲಿಸಬೇಕಿತ್ತು. ಫಲಿತಾಂಶದ ದಿನಗಳಲ್ಲಿ ರಾತ್ರಿ ಹೊತ್ತು ತೀರಾ ಕಷ್ಟವೆನಿಸಿದರೆ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ ಎಂದೂ ಹೇಳಿದೆ.

ನಿದ್ದೆ ಮೊದಲು ಸರಿಯಾಯಿತು, ಓದು ನಿಧಾನಕ್ಕೆ. ಅಜ್ಜಿಗೆ ತಾನು ಮಾಡಿದ್ದನ್ನು ಹೇಳಬೇಕು ಅಂದಳು. ಹೇಳಿದಳು ಕೂಡ. ಅಜ್ಜಿಗೆ ಎಷ್ಟು ಕೇಳಿಸಿತೋ, ಎಷ್ಟು ಅರ್ಥವಾಯಿತೋ, ನಾನು ಕೇಳಲಿಲ್ಲ. ನೀಟ್‌ನಲ್ಲಿ ಅಂಕ ಏರಿತು, ಸರ್ಕಾರಿ ಎಂಬಿಬಿಎಸ್ ಸೀಟು ಸಿಗುವಷ್ಟು ಏರಲಿಲ್ಲ. ಈಗ ಸಿಇಟಿ ರ‍್ಯಾಂಕಿನಲ್ಲಿ ಸಿಕ್ಕಿದ ಕೋರ್ಸಿನಲ್ಲಿ ಓದುತ್ತಿದ್ದಾಳೆ.

ಅಪ್ಪ ಕೆಲವು ತಿಂಗಳ ಮೇಲೆ ಒಬ್ಬರೇ ಬಂದರು. ಅವರ ಗೆಳೆಯರೊಬ್ಬರು ಮಗನಿಗಾಗಿ ಅದೇ ಏಜೆಂಟನ ನಂಬರ್ ಕೇಳುತ್ತಿದ್ದಾರಂತೆ. ಏನು ಹೇಳಲಿ ಅಂದರು. ನಂಬರ್ ಕೊಡಬೇಡಿ, ನಿಮ್ಮ ಮನೆಯಲ್ಲಿ ಆದದ್ದನ್ನು ಮಗಳ ಒಪ್ಪಿಗೆ ಕೇಳಿ ಹೇಳಿ ಅಂದೆ. ಆ ಗೆಳೆಯರು ನನ್ನ ಹತ್ತಿರ ಬರುವುದಾದರೆ ಮಗನನ್ನೂ ಕರೆದುಕೊಂಡು ಬರಲಿ, ಅವನ ಮಾತು ಮೊದಲು ಕೇಳುತ್ತೇನೆ ಎಂದೆ.