ಮಂಜಣ್ಣನಿಗೆ ಮೊದಲು ಬೇಕಿದ್ದದ್ದು ನಿದ್ದೆ

(ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ನಾನು ಕೆಲಸ ಮಾಡುವ ವಸತಿರಹಿತರ ತಂಗುದಾಣದಲ್ಲಿ ಮಂಜಣ್ಣ ಮೊದಲ ಸಲ ನನ್ನ ಮುಂದೆ ಬಂದು ಕೂತದ್ದು ಆಷಾಢದಲ್ಲಿ. ಅದು ಯಾಕೆ ಮುಖ್ಯ ಅಂತ ಆಗ ನನಗೆ ಹೊಳೆಯಲಿಲ್ಲ. ಮೆಜೆಸ್ಟಿಕ್ ಸುತ್ತಮುತ್ತ ಮಲಗುವ ಗಂಡಸರಲ್ಲಿ ಕ್ಯಾಟರಿಂಗ್ ಕೆಲಸಕ್ಕೆ ಹೋಗುವವರು ಜಾಸ್ತಿ. ಸಂಜೆ ಮೇಸ್ತ್ರಿ ಬಂದು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಾನೆ. ಛತ್ರದಲ್ಲಿ ತರಕಾರಿ ಹೆಚ್ಚಬೇಕು, ಬಡಿಸಬೇಕು, ಎಲೆ ಎತ್ತಬೇಕು, ಪಾತ್ರೆ ತಿಕ್ಕಬೇಕು. ಊಟ ಅಲ್ಲೇ, ಮೂಲೆಯಲ್ಲಿ ಒಂದೆರಡು ಗಂಟೆ ನಿದ್ದೆಯೂ ಅಲ್ಲೇ. ಆಷಾಢದಲ್ಲಿ ಮದುವೆ ಇಲ್ಲ. ಕೂಲಿ, ಊಟ, ಮಲಗೋ ಜಾಗ ಮೂರೂ ಒಟ್ಟಿಗೆ ಹೋಗುತ್ತವೆ. ಆ ತಿಂಗಳು ನಮ್ಮ ತಂಗುದಾಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಕೇರ್‌ಟೇಕರ್ ಕಳಿಸಿದ್ದ ಚೀಟಿಯಲ್ಲಿ ಹೀಗಿತ್ತು: 'ತಲೆ ಸರಿ ಇಲ್ಲ ಅನ್ಸುತ್ತೆ. ರಾತ್ರಿ ಎದ್ದು ಕೂರ್ತಾರೆ. ಜಗಳ ಬೇರೆ.'

ನೋಡಿದರೆ ಹಾಗೇ ಅನ್ನಿಸುತ್ತಿತ್ತು. ಕಣ್ಣು ಕೆಂಪಗೆ, ಕೈ ನಡುಕ. ಮಾತಿನ ಮಧ್ಯೆ ತೂಕಡಿಸಿ, ಹಿಂದೆ ಬಾಗಿಲು ಸದ್ದಾದರೆ ಬೆಚ್ಚಿ ಏಳುತ್ತಿದ್ದರು. ಕುಡೀತೀರಾ ಅಂತ ಕೇಳಿದೆ.

"ಕುಡೀತೀನಿ ಮೇಡಂ. ಕುಡೀದೆ ಇದ್ರೆ ಫುಟ್‌ಪಾತ್ ಮೇಲೆ ನಿದ್ದೆ ಬರುತ್ತಾ?"

ಮೊದಲು ಹೋಟೆಲ್ ಕೆಲಸದಲ್ಲಿದ್ದಾಗ ಕುಡಿತವೇ ಇರಲಿಲ್ಲವಂತೆ. ಇದನ್ನು ನಾನು ಬಹಳ ಸಲ ಕೇಳಿದ್ದೇನೆ. ಕುಡಿದೇ ಬೀದಿಗೆ ಬಿದ್ದರು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೀದಿಗೆ ಬಿದ್ದ ಮೇಲೆ ಕುಡಿತ ಕಲಿತವರೂ ಕಡಿಮೆ ಇಲ್ಲ.

ಇನ್ನೊಂದು ಗಮನಿಸಿದೆ. ಒಳಗೆ ಹಾಸಿಗೆ, ದಿಂಬು ಕೊಟ್ಟಿದ್ದರೂ ಅವರು ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಲೆಯಡಿ ಇಟ್ಟುಕೊಂಡೇ ಮಲಗುತ್ತಿದ್ದರು. ಬೀದಿಯಲ್ಲಿ ಎರಡು ಫೋನು, ಒಂದು ಬ್ಯಾಗು ಕಳ್ಳರ ಪಾಲಾಗಿತ್ತು. ಆಧಾರ್, ಪಾಸ್‌ಬುಕ್ ಎಲ್ಲಾ ಆ ಬ್ಯಾಗಲ್ಲೇ ಇತ್ತು. ಪೊಲೀಸರು ಎಬ್ಬಿಸುತ್ತಾರೆ, ಮಳೆ ಎಬ್ಬಿಸುತ್ತದೆ, ಭಿಕ್ಷುಕ ಅಂತ ವ್ಯಾನಿಗೆ ಹತ್ತಿಸಿಬಿಟ್ಟರೆ ಅನ್ನೋ ಭಯ ಬೇರೆ. ಹೀಗೆ ಮೂರು ವರ್ಷ ಅರೆ ಎಚ್ಚರದಲ್ಲಿ ಮಲಗಿದವರ ತಲೆ ಸರಿ ಇರಬೇಕು ಅನ್ನೋದೇ ತಪ್ಪು, ಅಲ್ವಾ?

ಅರಸೀಕೆರೆ ಕಡೆಯವರು. ಹದಿನಾರಕ್ಕೇ ಬೆಂಗಳೂರಿನ ಒಂದು ಹೋಟೆಲಿಗೆ ಕ್ಲೀನರ್ ಆಗಿ ಬಂದರು. ಆಮೇಲೆ ಸಪ್ಲೈಯರ್, ಕೊನೆಗೆ ದೋಸೆ ಕಲ್ಲಿನ ಮುಂದೆ. ಮಲಗುತ್ತಿದ್ದದ್ದು ಅಡುಗೆಮನೆ ಮೇಲಿನ ಅಟ್ಟದಲ್ಲಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಹೋಟೆಲು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. "ಕೆಲಸ ಹೋದ ದಿನವೇ ಮನೇನೂ ಹೋಯ್ತು ಮೇಡಂ" ಅಂದರು. ರೂಮು ಮಾಡೋಣ ಅಂದರೆ ಹತ್ತು ತಿಂಗಳ ಅಡ್ವಾನ್ಸ್. ಆಧಾರ್ ಕಳೆದ ಮೇಲೆ ಪಿಜಿಗೂ ಸೇರಿಸಿಕೊಳ್ಳಲಿಲ್ಲ.

2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ವಸತಿರಹಿತರು ಅಂತ ಎಣಿಸಿತು. ಅಟ್ಟದಲ್ಲಿ ಮಲಗುತ್ತಿದ್ದ ಮಂಜಣ್ಣ ಆ ಲೆಕ್ಕದಲ್ಲಿ ಇದ್ದಿರಲಾರರು. ಹಾಗಂತ ಅವರಿಗೆ ಮನೆ ಇತ್ತು ಅನ್ನೋಕಾಗುತ್ತಾ? ಬೀದಿಗೂ ಅವರಿಗೂ ನಡುವೆ ಇದ್ದದ್ದು ಮಾಲೀಕರ ಒಂದು ಮಾತು ಮಾತ್ರ.

ಊರಿಗೆ ಹೋಗಬಹುದಿತ್ತಲ್ಲ? ಎಲ್ಲರೂ ಇದನ್ನೇ ಕೇಳುತ್ತಾರೆ, ನಾನೂ ಕೇಳಿದೆ. ಪ್ರತಿ ಯುಗಾದಿಗೆ ಹೊಸ ಬಟ್ಟೆ, ಸ್ವೀಟ್ ಬಾಕ್ಸ್ ಹಿಡಿದು ಹೋಗುತ್ತಿದ್ದ ಮನುಷ್ಯ. ಬರಿಗೈಲಿ ಹೇಗೆ ಹೋಗಲಿ ಅಂತ ಒಂದು ವರ್ಷ ತಳ್ಳಿದರು. ಹೋಟೆಲಲ್ಲಿ ರಶ್ ಇದೆ ಅಂತ ಹೆಂಡತಿಗೆ ಫೋನಲ್ಲಿ ಸುಳ್ಳು ಹೇಳಿದರು. ಎರಡನೇ ಫೋನು ಕಳುವಾದ ಮೇಲೆ ಆ ಸುಳ್ಳೂ ನಿಂತಿತು. ಹೆಚ್ಚು ಕಡಿಮೆ ಒಂದೂವರೆ ವರ್ಷ ಮನೆಗೆ ಸುದ್ದಿಯೇ ಇಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಎರಡನೇ ಭೇಟಿಯಲ್ಲೇ ನನ್ನ ಫೋನು ಕೊಟ್ಟು, ಈಗಲೇ ಮಾತಾಡಿ ಅಂದೆ. ಹೆಂಡತಿ ನಂಬರು ಅವರಿಗೆ ಬಾಯಿಪಾಠ. ಒತ್ತಿದರು, ರಿಂಗಾಯಿತು, 'ಹಲೋ' ಕೇಳಿದ ತಕ್ಷಣ ಕಟ್ ಮಾಡಿದರು. ಮಾರನೇ ದಿನ ಹಾಸಿಗೆ ಖಾಲಿ. ಹನ್ನೆರಡು ದಿನ ಪತ್ತೆ ಇಲ್ಲ. ಅವರನ್ನು ಮನೆಗೆ ಸೇರಿಸಿದೆ ಅನ್ನೋ ಖುಷಿ ನನಗೆ ಬೇಕಿತ್ತು, ಅಷ್ಟೆ. ಅವರಿಗೆ ಆ ಹೊತ್ತಿಗೆ ಅದು ಬೇಕಿರಲಿಲ್ಲ.

ಕಾಲಿಗೆ ಗಾಯ ಮಾಡಿಕೊಂಡು ಕಲಾಸಿಪಾಳ್ಯದಿಂದ ವಾಪಸ್ ಬಂದರು. ಈ ಸಲ ನಿಧಾನ ಮಾಡಿದೆ.

ಎರಡು ವಾರ ಯಾವ ಪ್ರಶ್ನೆಯೂ ಬೇಡ, ಸುಮ್ನೆ ಮಲಗಿ ಅಂದೆ. ಗೋಡೆ ಪಕ್ಕದ ಹಾಸಿಗೆ ಕೊಡಿಸಿದೆವು, ಒಂದು ಲಾಕರ್ ಕೊಡಿಸಿದೆವು. ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡರು. ತಂಗುದಾಣ 24 ಗಂಟೆ ತೆರೆದಿರಬೇಕು ಅಂತ ನಿಯಮವೇ ಇದೆ. ಆದರೂ ಬೆಳಿಗ್ಗೆ ಎಂಟಕ್ಕೆ ಕ್ಲೀನಿಂಗ್ ಅಂತ ಎಲ್ಲರನ್ನೂ ಎಬ್ಬಿಸುವ ಪದ್ಧತಿ ನಮ್ಮಲ್ಲೂ ಇತ್ತು. ರಾತ್ರಿ ಇಡೀ ಛತ್ರದಲ್ಲಿ ದುಡಿದು ಬೆಳಗಿನ ಜಾವ ಬಂದವರು ಯಾವಾಗ ಮಲಗಬೇಕು? ಜಗಳ ಆಗುತ್ತಿದ್ದದ್ದೇ ಅಲ್ಲಿ. ಅದನ್ನು ನಿಲ್ಲಿಸಿದೆವು.

ಕುಡಿತವನ್ನು ಒಂದೇ ದಿನಕ್ಕೆ ಬಿಡಬೇಡಿ ಅಂತಲೂ ಹೇಳಿದೆ. ದಿನಾ ಕುಡಿಯುವವರು ಹಠಾತ್ತನೆ ಬಿಟ್ಟರೆ ಫಿಟ್ಸ್ ಬರಬಹುದು. ಅದಕ್ಕೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಾತ್ರೆ ಬರೆಸಿಕೊಂಡು ಬಿಡಿಸಿದ್ದು. ಮೂರು ವಾರಕ್ಕೆ 'ತಲೆ ಸರಿ ಇಲ್ಲ' ಅನ್ನುವ ಮಾತು ತಾನಾಗಿ ನಿಂತಿತು. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ನಿಜವಾಗಿ ಮಾನಸಿಕ ಕಾಯಿಲೆ ಇದ್ದವರು ಬೀದಿಯಲ್ಲಿ ಅಲೆಯುತ್ತಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವರಿಗೆ ರಕ್ಷಣೆ ಕೊಟ್ಟು ಚಿಕಿತ್ಸೆಗೆ ತಲುಪಿಸುವುದು ಪೊಲೀಸರ ಕರ್ತವ್ಯ. ಏನು ಮಾಡಬೇಕು ಅಂತ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಆಧಾರ್. ವರ್ಷಗಟ್ಟಲೆ ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದಿತ್ತು, ಯಂತ್ರ ಹಿಡಿಯಲೇ ಇಲ್ಲ. ಕಣ್ಣಿನ ಸ್ಕ್ಯಾನ್‌ನಲ್ಲಿ ಸಿಕ್ಕಿತು. ವಿಳಾಸಕ್ಕೆ ತಂಗುದಾಣದ ಪತ್ರ ಕೊಟ್ಟೆವು.

ಫೋನು ಯಾವಾಗ ಅನ್ನೋದು ಅವರಿಗೇ ಬಿಟ್ಟದ್ದು. ನಾನು ಹೇಳಿದ್ದು ಇಷ್ಟೇ: "ದುಡ್ಡಿನ ಮಾತು ಬೇಡ, ಯಾವಾಗ ಬರ್ತೀನಿ ಅನ್ನೋದೂ ಬೇಡ. ಹುಷಾರಾಗಿದೀನಿ ಅಂತ ಒಂದೇ ಮಾತು ಹೇಳಿ ಇಡಿ." ಒಂದು ಭಾನುವಾರ ಹೆಂಡತಿಗಲ್ಲ, ಮಗಳಿಗೆ ಮಾಡಿದರು. ಆ ಕಡೆಯಿಂದ ಹುಡುಗಿ "ಅಪ್ಪಾ, ಊಟ ಆಯ್ತಾ?" ಅಂದಳಂತೆ. ಬೇರೇನೂ ಕೇಳಲಿಲ್ಲವಂತೆ.

ಮಾರನೇ ದಿನ ಅವಳು ನನಗೆ ಫೋನ್ ಮಾಡಿ, ಬಂದು ಕರ್ಕೊಂಡು ಹೋಗಲಾ ಅಂದಳು. ಬಂದು ನೋಡಮ್ಮ, ಎಳಕೊಂಡು ಹೋಗಬೇಡ ಅಂದೆ. 'ಯಾಕೆ ಹೇಳ್ಲಿಲ್ಲ' ಅಂತ ಕೇಳಬೇಡ, ಅವರೇ ಹೇಳುವ ದಿನ ಬರುತ್ತೆ. ಊರವರು ಕೇಳಿದರೆ ಏನು ಹೇಳಬೇಕು ಅಂತ ಅಪ್ಪನ ಹತ್ತಿರವೇ ಕೇಳಿಕೊಂಡು ಹೋಗು, ನೀನಾಗಿ ಕಥೆ ಕಟ್ಟಬೇಡ.

ಕಾರ್ತಿಕದಲ್ಲಿ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ಈಗ ಒಂದು ಮೆಸ್ಸಿನಲ್ಲಿ ಅಡುಗೆ ಕೆಲಸ. ಮಲಗುವುದು ಮತ್ತೆ ಅಲ್ಲೇ, ಅಕ್ಕಿ ಮೂಟೆ ಪಕ್ಕ. ಕೆಲಸ, ಮನೆ ಎರಡೂ ಒಬ್ಬರ ಕೈಯಲ್ಲಿ ಇರೋದು ಬೇಡ ಮಂಜಣ್ಣ ಅಂತ ನಾನು ಗಟ್ಟಿಯಾಗೇ ಹೇಳಿದ್ದೆ. "ಅಡ್ವಾನ್ಸ್ ಯಾರು ಕೊಡ್ತಾರೆ ಮೇಡಂ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಮಗಳ ಹತ್ತಿರ ಇರಲಿ, ತಿಂಗಳಿಗೆ ಎರಡು ಸಾವಿರ ರೂಮಿನ ಅಡ್ವಾನ್ಸಿಗೆ ಅಂತಲೇ ಎತ್ತಿಡಿ ಅಂದೆ. ಮೂರು ತಿಂಗಳು ಇಟ್ಟಿದ್ದಾರೆ. ಆಷಾಢಕ್ಕೆ ಒಂದು ಸಲ ಬಂದು ಹೋಗಿ ಅಂತಲೂ ಹೇಳಿಟ್ಟಿದ್ದೇನೆ.