ಆರು ದಿನವಾದರೂ ಮಗುವಿನ ಜ್ವರ ಬಿಟ್ಟಿಲ್ಲ, ಎಲ್ಲರೂ ವೈರಲ್ ಎನ್ನುತ್ತಾರೆ. ಇನ್ನೂ ಕಾಯಬೇಕಾ?

ನೀವು ಬರೆದಿರುವುದು ಇಷ್ಟು. ಮಗನಿಗೆ ಎರಡೂವರೆ ವರ್ಷ, ಊರು ಅರಸೀಕೆರೆ ಹತ್ತಿರ. ಜ್ವರ ಶುರುವಾಗಿ ಇವತ್ತಿಗೆ ಆರನೇ ದಿನ. ಮೂರು ಕಡೆ ತೋರಿಸಿದ್ದೀರಿ, ಮೂವರೂ ವೈರಲ್ ಎಂದಿದ್ದಾರೆ. ಡೆಂಗಿ ಟೆಸ್ಟ್ ನೆಗೆಟಿವ್. ಸಿರಪ್ ಕೊಟ್ಟರೆ ಇಳಿಯುತ್ತದೆ, ಮತ್ತೆ ಏರುತ್ತದೆ. ಮನೆಯಲ್ಲಿ "ಇನ್ನೆರಡು ದಿನ ನೋಡೋಣ" ಎನ್ನುತ್ತಿದ್ದಾರೆ. ದುಡ್ಡು ಎಷ್ಟಾಗುತ್ತದೋ ಎಂಬ ಚಿಂತೆಯೂ ಇದೆ.

ನನ್ನ ಉತ್ತರ: ಕಾಯಬೇಡಿ. ನಾಳೆ ಬೆಳಿಗ್ಗೆಯೇ ಹಾಸನಕ್ಕೆ ಹೊರಡಿ. ಅಲ್ಲಿನ ಸರ್ಕಾರಿ ಆಸ್ಪತ್ರೆ ಹಿಮ್ಸ್ ಆಗಲಿ, ಬೇರೆ ಆಸ್ಪತ್ರೆಯಾಗಲಿ, ಮಕ್ಕಳ ತಜ್ಞರು, ಲ್ಯಾಬ್, ಎಕೋ ಎಂಬ ಹೃದಯದ ಸ್ಕ್ಯಾನ್ ಮೂರೂ ಇರುವ ಕಡೆ ಹೋಗಿ. ಎಕೋ ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಇವತ್ತು ರಾತ್ರಿಯೇ ಹೊರಡಬೇಕಾದ ಲಕ್ಷಣಗಳೂ ಇವೆ. ಮಗು ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡುತ್ತಿಲ್ಲ, ಫಿಟ್ಸ್ ಬಂತು, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಎಂಟು ಗಂಟೆಯಾದರೂ ಮೂತ್ರ ಮಾಡಿಲ್ಲ, ಕೈಕಾಲು ತಣ್ಣಗಾಗಿದೆ, ಜೋರಾಗಿ ಹೊಟ್ಟೆನೋವು, ಕುತ್ತಿಗೆ ಬಗ್ಗಿಸಲು ಬಿಡುತ್ತಿಲ್ಲ, ಅಥವಾ ಚರ್ಮದ ಮೇಲೆ ಬೆರಳಿಂದ ಒತ್ತಿದರೂ ಮಾಯವಾಗದ ಕೆಂಪು, ನೇರಳೆ ಚುಕ್ಕೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕೂರಬೇಡಿ, 108ಕ್ಕೆ ಫೋನ್ ಮಾಡಿ. ಇದನ್ನು ಓದುತ್ತಿರುವ ಬೇರೆಯವರ ಮನೆಯಲ್ಲಿ ಮೂರು ತಿಂಗಳೊಳಗಿನ ಕೂಸಿದ್ದರೆ, ಅದಕ್ಕೆ 100.4 ಡಿಗ್ರಿ ಮುಟ್ಟಿದರೆ ಸಾಕು, ಮೊದಲನೇ ದಿನವೇ ಆಸ್ಪತ್ರೆ. ಅಲ್ಲಿ ಲೆಕ್ಕಾಚಾರವೇ ಇಲ್ಲ.

ನಾನು ಡಾಕ್ಟರ್ ಅಲ್ಲ. ನನ್ನ ಮಗಳಿಗೆ ನಿಮ್ಮ ಮಗನ ವಯಸ್ಸಿನಲ್ಲೇ ಹೀಗೆ ಬಿಡದ ಜ್ವರ ಬಂತು. ಕೊನೆಗೆ ಅದು ಕವಾಸಾಕಿ ಎಂಬ, ರಕ್ತನಾಳಗಳು ಊದುವ ಕಾಯಿಲೆ ಎಂದು ಗೊತ್ತಾಯಿತು. ಈಗ ಚೆನ್ನಾಗಿದ್ದಾಳೆ, ಸ್ಕೂಲಿಗೆ ಹೋಗುತ್ತಾಳೆ. ನನಗೆ ಗೊತ್ತಿರುವುದರಲ್ಲಿ ಜಾಸ್ತಿ ಪಾಲು ಮಕ್ಕಳ ವಾರ್ಡಿನ ಬೆಂಚಿನ ಮೇಲೆ ಕೂತು, ಬೇರೆ ತಾಯಂದಿರ ಮಾತು ಕೇಳಿ, ಡಾಕ್ಟರನ್ನು ಪ್ರಶ್ನೆ ಕೇಳಿ ಕೇಳಿ ಕಲಿತದ್ದು.

ನಿಮ್ಮ ಮಾತಿನಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು "ಮೂರು ಕಡೆ ತೋರಿಸಿದೆವು" ಎನ್ನುವುದು. ಮೂವರು ನೋಡಿದ್ದಾರೆ ಎಂದರೆ ಧೈರ್ಯ ಬರುತ್ತದೆ, ಅಲ್ವಾ? ಆದರೆ ಆಗಿರುವುದೇನು ನೋಡಿ. ಮೊದಲನೆಯವರು ಮಗುವನ್ನು ನೋಡಿದ್ದು ಜ್ವರದ ಎರಡನೇ ದಿನ. ಎರಡನೇ ದಿನದ ಜ್ವರಕ್ಕೆ ವೈರಲ್ ಎನ್ನುವುದು ಸರಿಯೇ, ಮಕ್ಕಳಿಗೆ ಬರುವ ಜ್ವರದಲ್ಲಿ ಹೆಚ್ಚಿನವು ಅವೇ. ಬಿಟ್ಟಿಲ್ಲವೆಂದು ನೀವು ಬೇರೆಯವರ ಹತ್ತಿರ ಹೋದಿರಿ. ಅವರಿಗೂ ಆ ಮಗು ಹೊಸದು. ಗಂಟಲು ನೋಡಿದರು, ಎದೆ ಕೇಳಿದರು, "ಎರಡು ದಿನ ನೋಡಿ" ಎಂದರು. ಮೂರನೆಯವರೂ ಅಷ್ಟೇ. ಒಬ್ಬೊಬ್ಬರು ಹೇಳಿದ್ದೂ ತಪ್ಪಲ್ಲ. ಎಲ್ಲ ಸೇರಿ ಆರು ದಿನ ಹೋಯಿತು. ಪ್ರತಿ ಹೊಸ ಡಾಕ್ಟರ್ ಬಳಿ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ನಮಗೂ ಹಾಗೇ ಆಗಿತ್ತು. ನಡುವೆ ಭಾನುವಾರ ಬಂತು, ಡ್ಯೂಟಿ ಡಾಕ್ಟರ್ ಬದಲಾದರು, ಹಳೆ ಚೀಟಿ ಮನೆಯಲ್ಲೇ ಉಳಿಯಿತು.

ಅದಕ್ಕೇ ಈಗಲೇ ಒಂದು ಹಾಳೆ ತೆಗೆದುಕೊಳ್ಳಿ. ಜ್ವರ ಶುರುವಾದ ತಾರೀಖು ಮೇಲೆ ದೊಡ್ಡದಾಗಿ ಬರೆಯಿರಿ. ಕೆಳಗೆ ದಿನಕ್ಕೊಂದು ಸಾಲು: ಥರ್ಮಾಮೀಟರಿನಲ್ಲಿ ಎಷ್ಟಿತ್ತು, ಯಾವ ಹೊತ್ತಿಗೆ, ಯಾವ ಔಷಧಿ ಎಷ್ಟು ಎಂಎಲ್ ಕೊಟ್ಟಿರಿ, ಹೊಸದಾಗಿ ಏನು ಕಂಡಿತು. ಮೈ ಮುಟ್ಟಿ ನೋಡಿ "ಬಿಸಿ ಇತ್ತು" ಎನ್ನುವುದು ಸಾಲದು. ಡಿಜಿಟಲ್ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟು ನೋಡಿ. ಎಲ್ಲ ಚೀಟಿ, ಎಲ್ಲ ರಿಪೋರ್ಟ್ ಒಂದೇ ಕವರಿಗೆ ಹಾಕಿ. ಡಾಕ್ಟರ್ ಮುಂದೆ ಕೂತ ತಕ್ಷಣ ಹೇಳಬೇಕಾದ ಮೊದಲ ಮಾತು: "ಇವತ್ತಿಗೆ ಏಳನೇ ದಿನ, ದಿನಾ 101ರ ಮೇಲೆ ಹೋಗುತ್ತಿದೆ." ಸಂಖ್ಯೆ ನಿಮ್ಮದೇ ಹಾಕಿಕೊಳ್ಳಿ. "ಜ್ವರ ಬಂದು ಬಂದು ಹೋಗ್ತಿದೆ ಸಾರ್" ಎಂದರೆ ಮತ್ತೆ ವೈರಲ್ ಎಂದೇ ಬರೆಯುತ್ತಾರೆ.

ಆಮೇಲೆ ಮಗುವನ್ನು ಪೂರ್ತಿ ಬಟ್ಟೆ ತೆಗೆದು, ಹಗಲು ಬೆಳಕಿನಲ್ಲಿ ನೋಡಿ. ತಲೆಯಿಂದ ಪಾದದವರೆಗೆ. ಕ್ಲಿನಿಕ್ಕಿನಲ್ಲಿ ಮಗು ಅಳುತ್ತಿರುತ್ತದೆ, ಹೊರಗೆ ಮೂವತ್ತು ಜನ ಕಾಯುತ್ತಿರುತ್ತಾರೆ, ಯಾರೂ ಇಷ್ಟು ನೋಡುವುದಿಲ್ಲ.

ಕಣ್ಣಿನ ಬಿಳಿಭಾಗ ಎರಡೂ ಕಡೆ ಕೆಂಪಾಗಿದೆಯಾ, ಆದರೆ ಪಿಸುರು ಇಲ್ಲವಾ? ತುಟಿ ಕೆಂಪಾಗಿ ಒಡೆದಿದೆಯಾ? ನಾಲಿಗೆ ಸ್ಟ್ರಾಬೆರಿ ಥರ ಕೆಂಪಾಗಿ ಗುಳ್ಳೆ ಗುಳ್ಳೆ ಕಾಣುತ್ತಿದೆಯಾ? ಮೈಮೇಲೆ ದದ್ದು? ಅಂಗೈ, ಅಂಗಾಲು ಕೆಂಪಾಗಿ ಊದಿದೆಯಾ? ಕುತ್ತಿಗೆಯ ಒಂದು ಪಕ್ಕದಲ್ಲಿ ಗಡ್ಡೆ? ಇವು ಕವಾಸಾಕಿಯ ಗುರುತುಗಳು. ಐದು ದಿನ ಬಿಡದ ಜ್ವರದ ಜೊತೆ ಈ ಐದು ಬಗೆಯಲ್ಲಿ, ಅಂದರೆ ಕಣ್ಣು, ಬಾಯಿ, ದದ್ದು, ಕೈಕಾಲು, ಗಡ್ಡೆಯಲ್ಲಿ, ನಾಲ್ಕು ಸೇರಿದರೆ ಡಾಕ್ಟರಿಗೆ ಅನುಮಾನವೇ ಉಳಿಯುವುದಿಲ್ಲ. ತೊಂದರೆ ಏನೆಂದರೆ ಎಲ್ಲವೂ ಒಂದೇ ದಿನ ಬರುವುದಿಲ್ಲ. ದದ್ದು ಮೂರನೇ ದಿನ ಬಂದು ಹೋಗಿರುತ್ತದೆ, ಕಣ್ಣು ಐದನೇ ದಿನ ಕೆಂಪಾಗುತ್ತದೆ. ನಿಮ್ಮ ಹಾಳೆ, ಮೊಬೈಲಿನಲ್ಲಿ ತೆಗೆದ ಫೋಟೊ ಅಲ್ಲಿ ಕೆಲಸಕ್ಕೆ ಬರುತ್ತವೆ. ಒಂದು ವರ್ಷದೊಳಗಿನ ಕೂಸುಗಳಲ್ಲಂತೂ ಎರಡು ಮೂರು ಲಕ್ಷಣ ಮಾತ್ರ ಇರಬಹುದು, ಹೃದಯಕ್ಕೆ ಅಪಾಯ ಮಾತ್ರ ಅವಕ್ಕೇ ಜಾಸ್ತಿ.

ಇನ್ನೊಂದು ಗುರುತು ನಮ್ಮ ದೇಶದಲ್ಲಿ ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ಹುಟ್ಟಿದಾಗ ಎಡತೋಳಿಗೆ ಬಿಸಿಜಿ ಹಾಕಿಸಿರುತ್ತೇವಲ್ಲ, ಆ ಕಲೆಯ ಸುತ್ತ ಕೆಂಪಾಗಿ ಊದುವುದು. ಎಲ್ಲ ಮಕ್ಕಳಲ್ಲಿ ಕಾಣುವುದಿಲ್ಲ. ಕಂಡರೆ ಮಾತ್ರ ದೊಡ್ಡ ಸುಳಿವು. ನನ್ನ ಮಗಳ ತೋಳು ನೋಡಿಯೇ ಒಬ್ಬ ಹಿರಿಯ ಮಕ್ಕಳ ಡಾಕ್ಟರ್ ಸುಮ್ಮನಾಗಿ, ಮತ್ತೆ ತುಟಿ ನೋಡಿ, ಎಕೋಗೆ ಬರೆದುಕೊಟ್ಟರು.

ಈ ಕಾಯಿಲೆಯಲ್ಲಿ ರಕ್ತನಾಳಗಳು ಊದಿಕೊಳ್ಳುತ್ತವೆ. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಹಿಗ್ಗಿ ಉಬ್ಬಿಬಿಡಬಹುದು. ಅದನ್ನು ನೋಡುವುದಕ್ಕೇ ಎಕೋ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ. ಜ್ವರ ಶುರುವಾದ 10 ದಿನದೊಳಗೆ ಐವಿಐಜಿ ಎಂಬ ಇಮ್ಯುನೊಗ್ಲೋಬ್ಯುಲಿನ್ ಡ್ರಿಪ್ ಕೊಟ್ಟರೆ ಆ ಅಪಾಯ ನೂರಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ. ಹತ್ತು ದಿನ ದಾಟಿದರೂ ಜ್ವರ ಇದ್ದರೆ ಕೊಡುತ್ತಾರೆ, ಆದರೆ ಬೇಗ ಕೊಟ್ಟಷ್ಟು ಒಳ್ಳೆಯದು. ಅದಕ್ಕೇ ನಿಮ್ಮ ಆರನೇ ದಿನಕ್ಕೆ ನಾನು ಇಷ್ಟು ಅವಸರ ಮಾಡುತ್ತಿರುವುದು. ಜಪಾನಿನ ತೊಮಿಸಾಕು ಕವಾಸಾಕಿ 1961ರಲ್ಲಿ ಮೊದಲ ಬಾರಿಗೆ ಇಂಥ ಮಗುವನ್ನು ನೋಡಿದರು, 1967ರಲ್ಲಿ 50 ಮಕ್ಕಳ ವಿವರ ಬರೆದರು. ಇದು ಯಾಕೆ ಬರುತ್ತದೆ ಎಂದು ಇವತ್ತಿಗೂ ಪಕ್ಕಾ ಗೊತ್ತಾಗಿಲ್ಲ. ಇದೇ ಎಂದು ಹೇಳುವ ಒಂದು ಟೆಸ್ಟೂ ಇಲ್ಲ. ಸಿಆರ್‌ಪಿ, ಇಎಸ್‌ಆರ್ ಎಂಬ ಉರಿಯೂತದ ರಕ್ತಪರೀಕ್ಷೆಗಳಲ್ಲಿ ಅಂಕಿ ಜಾಸ್ತಿ ಇರುತ್ತದೆ. ಮೂತ್ರದಲ್ಲಿ ಕೀವಿನ ಕಣ ಕಾಣುತ್ತವೆ, ಅದನ್ನು ನೋಡಿ ಮೂತ್ರದ ಸೋಂಕು ಎಂದು ತಿಳಿಯುವುದೂ ಉಂಟು. ಪ್ಲೇಟ್‌ಲೆಟ್ ಎರಡನೇ ವಾರದಲ್ಲಿ ಏರುತ್ತದೆ. ನಮ್ಮ ಊರುಗಳಲ್ಲಿ ಡೆಂಗಿ ಭಯದಿಂದ ಎಲ್ಲರೂ ಪ್ಲೇಟ್‌ಲೆಟ್ ಇಳಿದಿದೆಯಾ ಎಂದೇ ನೋಡುತ್ತಾರೆ, ಇಳಿದಿಲ್ಲ ಎಂದರೆ ನಿಟ್ಟುಸಿರು. ಏರಿದ್ದನ್ನು ಯಾರೂ ಕೇಳುವುದಿಲ್ಲ.

ನಿಮ್ಮ ಮಗನಿಗೆ ಕವಾಸಾಕಿಯೇ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಅದು ಅಪರೂಪದ್ದೇ. ಹೆಚ್ಚು ಸಾಮಾನ್ಯವಾದ ಕಾರಣಗಳು ಬೇರೆ ಇವೆ. ಚಿಕ್ಕ ಮಕ್ಕಳಿಗೆ ಬೇರೆ ಯಾವ ಲಕ್ಷಣವೂ ಇಲ್ಲದೆ ಬರೀ ಜ್ವರವಾಗಿ ಬರುವುದು ಮೂತ್ರದ ಸೋಂಕು. ನಿಮ್ಮ ಪ್ರಶ್ನೆಯಲ್ಲಿ ಮೂತ್ರ ಪರೀಕ್ಷೆಯ ಮಾತೇ ಇಲ್ಲ, ಕೇಳಿ ಮಾಡಿಸಿ. ಟೈಫಾಯ್ಡ್‌ಗೆ ಎಲ್ಲರೂ ವಿಡಾಲ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ, ಮೊದಲ ವಾರದಲ್ಲಿ ಅದನ್ನು ನಂಬುವಂತಿಲ್ಲ. ರಕ್ತದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಬೇಕು, ಅದೂ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲು. ಡೆಂಗಿಯ ಎನ್‌ಎಸ್1 ಮೊದಲ ನಾಲ್ಕೈದು ದಿನದ ಟೆಸ್ಟ್, ಆಮೇಲೆ ಐಜಿಎಂ ಎಂಬ ಇನ್ನೊಂದು ಟೆಸ್ಟ್ ನೋಡಬೇಕು. ಒಮ್ಮೆ ನೆಗೆಟಿವ್ ಬಂತೆಂದರೆ ಮುಗಿಯಿತು ಎಂದಲ್ಲ. ಡೆಂಗಿಯಲ್ಲಿ ಜ್ವರ ಇಳಿದ ಮೇಲೇ ಮಗು ಕುಸಿಯುವುದು, ಇದು ಎಲ್ಲ ತಾಯಂದಿರಿಗೂ ಗೊತ್ತಿರಬೇಕಾದ ಮಾತು.

ತೋಟ, ಪೊದೆ ಇರುವ ಕಡೆಯವರಾದರೆ ಸ್ಕ್ರಬ್ ಟೈಫಸ್ ನೆನಪಿಡಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಚಕ್ಕೆ ಇರುತ್ತದೆ. ನೋವಿಲ್ಲ, ತುರಿಕೆ ಇಲ್ಲ. ಕಂಕುಳು, ತೊಡೆಸಂದಿ, ಕಿವಿ ಹಿಂದೆ, ಡಯಾಪರ್ ಒಳಗೆ ಅಡಗಿರುತ್ತದೆ. ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ, ಔಷಧಿ ಅಗ್ಗದ್ದು, ಒಂದೆರಡು ದಿನದಲ್ಲೇ ಜ್ವರ ಇಳಿಯುತ್ತದೆ. ಮಲೆನಾಡಿನ ಕಾಡಂಚಿನವರಿಗೆ ಮಂಗನ ಕಾಯಿಲೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಜ್ವರ ಎರಡು ವಾರ ದಾಟಿ, ಮಗು ತೂಕ ಏರದೆ, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಟಿಬಿ ಪರೀಕ್ಷೆ, ಔಷಧಿ ಎರಡೂ ಸರ್ಕಾರದಿಂದ ಉಚಿತ.

ಜ್ವರದ ಜೊತೆ ಮಗು ಬಿಳಿಚಿಕೊಂಡಿದ್ದರೆ, ರಾತ್ರಿ ಕಾಲು ನೋವೆಂದು ಅಳುತ್ತಿದ್ದರೆ, ಸುಮ್ನೆ ಸುಮ್ನೆ ನೀಲಿ ಕಲೆ ಬೀಳುತ್ತಿದ್ದರೆ ಅದು ರಕ್ತದ ಕ್ಯಾನ್ಸರಿನಂಥ ಕಾಯಿಲೆಯ ಸೂಚನೆ ಇರಬಹುದು. ಅಂಥ ಮಗುವಿಗೆ ಕಾರಣ ತಿಳಿಯದೆ ಸ್ಟೆರಾಯ್ಡ್ ಕೊಡಬಾರದು, ಕೊಟ್ಟರೆ ಕ್ಯಾನ್ಸರಿನ ಗುರುತೇ ಮುಚ್ಚಿಹೋಗಬಹುದು. "ಒಂದು ಇಂಜೆಕ್ಷನ್ ಹಾಕಿದೆ, ಜ್ವರ ಓಡಿಹೋಗುತ್ತೆ" ಎನ್ನುವವರನ್ನು ಅದು ಯಾವ ಇಂಜೆಕ್ಷನ್ ಎಂದು ಚೀಟಿಯಲ್ಲಿ ಬರೆದುಕೊಡಲು ಹೇಳಿ.

ಸಿರಪ್ ವಿಷಯ. ಪ್ಯಾರಾಸಿಟಮಾಲ್ ಲೆಕ್ಕ ಕೆಜಿಗೆ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಅಂತರ, ದಿನಕ್ಕೆ ಹೆಚ್ಚೆಂದರೆ ನಾಲ್ಕು ಸಲ. ಅಂಗಡಿಯಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಬಾಟಲಿಯೂ ಇದೆ, 250 ಇರುವುದೂ ಇದೆ. 12 ಕೆಜಿ ಮಗುವಿಗೆ ಮೊದಲನೆಯದರಲ್ಲಿ ಏಳೂವರೆ ಎಂಎಲ್, ಎರಡನೆಯದರಲ್ಲಿ ನಾಲ್ಕಕ್ಕಿಂತಲೂ ಕಡಿಮೆ. ಬಾಟಲಿ ಬದಲಾದರೆ ಅಳತೆ ಬದಲಾಗಬೇಕು, ಡಾಕ್ಟರಿಗೆ ತೋರಿಸಿ ಕೇಳಿ. ನಿಮೆಸುಲೈಡ್ ಇರುವ ಸಿರಪ್ ಬೇಡವೇ ಬೇಡ, 12 ವರ್ಷದೊಳಗಿನವರಿಗೆ ಅದನ್ನು 2011ರಲ್ಲೇ ನಿಷೇಧಿಸಿದ್ದಾರೆ. ಡೆಂಗಿ ಇಲ್ಲ ಎಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಮೆಫೆನಮಿಕ್ ಆ್ಯಸಿಡ್ ಕೂಡ ನೀವಾಗಿ ಕೊಡಬೇಡಿ.

ಮನೆಯವರ ಮಾತಿಗೆ ಬರೋಣ. ಹಲ್ಲು ಬರುತ್ತಿದೆ ಅದಕ್ಕೆ ಜ್ವರ ಎನ್ನುತ್ತಾರೆ. ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು, ಆರು ದಿನ 102 ಆಗುವುದಿಲ್ಲ. ದದ್ದು ಕಂಡರೆ ಅಮ್ಮ ಬಂದಿದ್ದಾಳೆ, ಆಸ್ಪತ್ರೆಗೆ ಒಯ್ಯಬಾರದು ಎನ್ನುತ್ತಾರೆ. ನಮ್ಮ ಅತ್ತೆಯೂ ಅದನ್ನೇ ಹೇಳಿದರು. ಅವರೊಂದಿಗೆ ವಾದಕ್ಕೆ ಇಳಿಯಲಿಲ್ಲ. ಬೇವಿನ ಸೊಪ್ಪು ದಿಂಬಿನ ಕೆಳಗೆ ಇಟ್ಟುಕೊಂಡೇ ಆಸ್ಪತ್ರೆಗೆ ಹೋದೆವು, ಯಾರಿಗೂ ಬೇಜಾರಾಗಲಿಲ್ಲ. ದೃಷ್ಟಿ ತೆಗೆಯಲಿ, ಅಂತ್ರ ಕಟ್ಟಿಸಲಿ, ಐದು ನಿಮಿಷದ ಕೆಲಸ. ಬರೆ ಹಾಕಿಸುವ ಮಾತು ಬಂದರೆ ಮಾತ್ರ ಜಗಳವಾದರೂ ಸರಿ, ಬಿಡಬೇಡಿ.

ನಾಳೆ ಡಾಕ್ಟರ್ ಮುಂದೆ ಎರಡೇ ಪ್ರಶ್ನೆ ಕೇಳಿ. "ಈ ಜ್ವರಕ್ಕೆ ಕಾರಣ ಏನಿರಬಹುದು ಎಂದು ಅಂದುಕೊಂಡಿದ್ದೀರಿ, ಯಾವುದನ್ನು ಇನ್ನೂ ನೋಡಿಲ್ಲ?" "ಇಷ್ಟು ದಿನದೊಳಗೆ ಕಡಿಮೆಯಾಗದಿದ್ದರೆ ಮುಂದೇನು?" ಒಳ್ಳೆಯ ಡಾಕ್ಟರಿಗೆ ಇದರಿಂದ ಸಿಟ್ಟು ಬರುವುದಿಲ್ಲ. ಕವಾಸಾಕಿ ಇರಬಹುದಾ ಎಂದು ನೇರವಾಗಿ ಹೆಸರು ಹಿಡಿದು ಕೇಳಿದರೂ ತಪ್ಪಿಲ್ಲ. ಗೂಗಲ್ ಮಾಡಿದ್ದೀರಾ ಎಂದು ನಕ್ಕರೆ ನೀವೂ ನಕ್ಕುಬಿಡಿ, ಎಕೋ ಬರೆಸಿಕೊಂಡು ಬನ್ನಿ. ಅಲ್ಲಿಂದ ಮುಂದೆ ಕಳಿಸಿದರೆ ಮೈಸೂರಿನ ಚೆಲುವಾಂಬ, ಬೆಂಗಳೂರಿನ ವಾಣಿವಿಲಾಸ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. ಒಮ್ಮೆ ಅಡ್ಮಿಟ್ ಆದ ಮೇಲೆ ನೆಂಟರ ಮಾತು ಕೇಳಿ ಮತ್ತೆ ಬೇರೆ ಕಡೆ ಓಡಬೇಡಿ.

ದುಡ್ಡಿನ ಬಗ್ಗೆಯೂ ಕೇಳಿದ್ದೀರಿ. ಆಧಾರ್, ರೇಷನ್ ಕಾರ್ಡ್ ಎರಡೂ ಕವರಿನಲ್ಲಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿದರೆ ರೆಫರಲ್ ಸಿಗುವುದೂ ಸುಲಭ. ಐವಿಐಜಿ ತುಂಬಾ ದುಬಾರಿ ಔಷಧಿ, ಮಗುವಿನ ತೂಕದ ಮೇಲೆ ಲೆಕ್ಕ, ಕೆಜಿಗೆ 2 ಗ್ರಾಂ. ಅಕಸ್ಮಾತ್ ಅದು ಬೇಕಾದರೆ ಯೋಜನೆಯಲ್ಲಿ ಬರುತ್ತದಾ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಅವತ್ತೇ ಕೇಳಿ. ಅದು ಕೊಟ್ಟ ಮೇಲೆ ಎಂಎಂಆರ್, ಚಿಕನ್‌ಪಾಕ್ಸ್ ಲಸಿಕೆಗಳನ್ನು 11 ತಿಂಗಳು ಮುಂದೂಡಬೇಕು, ಅಂಗನವಾಡಿಯಲ್ಲಿ ತಾಯಿ ಕಾರ್ಡ್ ತೋರಿಸುವಾಗ ಇದನ್ನೂ ಹೇಳಬೇಕಾಗುತ್ತದೆ.