ಪಂಜರದಿಂದ ತೋಟಕ್ಕೆ ಬಂದ ಕೋಳಿಗಳು ಮೊಟ್ಟೆ ಇಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೊಟ್ಟೆ ಕಡಿಮೆಯಾಯಿತೆಂದು ಫಾರಂನವರು ಮಾಂಸಕ್ಕೆ ಮಾರುತ್ತಿದ್ದ ಹನ್ನೆರಡು ಬಿಳಿ ಲೆಗ್‌ಹಾರ್ನ್ ಕೋಳಿಗಳನ್ನು ತಂದು ಮೂರು ವಾರವಾಯಿತು. ಅಡಿಕೆ ತೋಟಕ್ಕೆ ಬಿಟ್ಟರೆ ಮೇಯದೆ ಗೂಡಿನ ಬಾಗಿಲಲ್ಲೇ ಒತ್ತಾಗಿ ನಿಲ್ಲುತ್ತವೆ. ಸಂಜೆ ಒಂದೊಂದನ್ನೇ ಎತ್ತಿ ಒಳಗಿಡಬೇಕು. ಮೊದಲ ವಾರ ಏಳೆಂಟು ಮೊಟ್ಟೆ ಸಿಕ್ಕಿತ್ತು, ಅದರಲ್ಲಿ ಎರಡಕ್ಕೆ ಗಟ್ಟಿ ಚಿಪ್ಪೇ ಇರಲಿಲ್ಲ. ಈಗ ಒಂದೂ ಇಲ್ಲ, ಗರಿಯೂ ಉದುರುತ್ತಿದೆ. ಇದು ರೋಗವೇ? ಮನೆಯ ಊರಕೋಳಿಗಳ ಜೊತೆ ಬಿಟ್ಟರೆ ಅವು ಕೆದಕುವುದನ್ನು ನೋಡಿ ಕಲಿತು ಸರಿಹೋದೀತೇ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ನೀವು ಬರೆದ ಲಕ್ಷಣಗಳಷ್ಟೇ ಆಗಿದ್ದರೆ ಗಾಬರಿಪಡಬೇಕಾಗಿಲ್ಲ. ಕೋಳಿ ಮೇವು ತಿನ್ನುತ್ತಾ, ಕಣ್ಣು ಚುರುಕಾಗಿದ್ದು, ತಲೆ ಮತ್ತು ಕತ್ತಿನಿಂದ ಆರಂಭವಾಗಿ ಗರಿ ಉದುರುತ್ತಿದ್ದರೆ ಅದು ಹಳೆಯ ಗರಿ ಕಳಚಿ ಹೊಸತು ಹುಟ್ಟುವ ಸಹಜ ಕ್ರಿಯೆ. ಜಾಗ, ಮೇವು, ಬೆಳಕು ಏಕಕಾಲಕ್ಕೆ ಬದಲಾದಾಗ ಇದು ತಾನಾಗಿಯೇ ಶುರುವಾಗುತ್ತದೆ. ಆಗ ದೇಹದ ಪೋಷಕಾಂಶವೆಲ್ಲ ಗರಿಗೆ ಹೋಗುವುದರಿಂದ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲಬಹುದು. ಹಸಿರು ಭೇದಿ, ಏದುಸಿರು, ಕತ್ತು ತಿರುಚುವುದು ಕಂಡರೆ ಮಾತ್ರ ಒಂದು ದಿನವನ್ನೂ ಕಳೆಯದೆ ಮೃಗಾಸ್ಪತ್ರೆಗೆ ತಿಳಿಸಿ, ಏಕೆಂದರೆ ಅದು ಕೋಳಿಗಳಲ್ಲಿ ಬೇಗ ಹರಡುವ ಮಾರಕ ರಾಣಿಕೇತ್ ರೋಗವಿರಬಹುದು.

ಈ ಕೋಳಿಗಳು ಎಲ್ಲಿಂದ ಬಂದವು ಎಂಬುದನ್ನು ಒಮ್ಮೆ ಯೋಚಿಸಿ. ಪಂಜರದಲ್ಲಿ ಒಂದು ಕೋಳಿಗೆ ಸಾಮಾನ್ಯವಾಗಿ ಸಿಗುವ ಜಾಗ ಸುಮಾರು 450 ಚದರ ಸೆಂಟಿಮೀಟರ್, ಅಂದರೆ ಈ ಪತ್ರಿಕೆಯ ಒಂದು ಪುಟದಷ್ಟೂ ಇಲ್ಲ. ನನ್ನಲ್ಲಿಗೆ ಮೊದಲು ಬಂದ ಅಂತಹ ಹೇಂಟೆಯೊಂದು ಗೂಡಿನ ಸಿಮೆಂಟು ನೆಲ ಮುಗಿದು ಮಣ್ಣು ಶುರುವಾಗುವ ಗೆರೆಯಲ್ಲಿ ನಿಂತು, ಒಂದು ಕಾಲನ್ನು ಎತ್ತಿ ಮಣ್ಣಿಗೆ ತಾಗಿಸಿ ಮತ್ತೆ ಹಿಂದೆ ತೆಗೆದುಕೊಂಡಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ನಡೆಯಿತು. ಅದು ತಂತಿಯನ್ನಲ್ಲದೆ ಬೇರೇನನ್ನೂ ಮೆಟ್ಟಿರಲಿಲ್ಲ. ಆದುದರಿಂದ ಇಡೀ ತೋಟವನ್ನು ಒಮ್ಮೆಲೇ ತೆರೆಯಬೇಡಿ. ಗೂಡಿನೆದುರು ಬಲೆ ಕಟ್ಟಿ ನಾಲ್ಕೈದು ಚದರ ಮೀಟರ್ ಅಂಗಳ ಮಾಡಿ, ಒಣ ತರಗೆಲೆ ಹರಡಿ, ಅದರ ಮೇಲೆ ಒಂದು ಹಿಡಿ ನುಚ್ಚಕ್ಕಿ ಎರಚಿ. ಒಂದು ಮೂಲೆಯಲ್ಲಿ ಒಣ ಮಣ್ಣಿಗೆ ಬೂದಿ ಬೆರೆಸಿಟ್ಟರೆ ಕೆಲವೇ ದಿನಗಳಲ್ಲಿ ಅವು ಹೊರಳಾಡಲು ಕಲಿಯುತ್ತವೆ, ಹೇನಿನ ಕಾಟವೂ ಕಡಿಮೆಯಾಗುತ್ತದೆ. ಸಂಜೆ ಎತ್ತಿ ಒಳಗಿಡುವ ಕೆಲಸವನ್ನು ಬೇಸರಿಸದೆ ಇನ್ನೆರಡು ವಾರ ಮಾಡಿ.

ಕೂರುವ ಕೋಲು ಒಂದು ಅಡಿಗಿಂತ ಎತ್ತರ ಬೇಡ. ಇದನ್ನು ನಾನು ನಷ್ಟ ಅನುಭವಿಸಿ ಕಲಿತೆ: ಊರಕೋಳಿಗೆ ಕಟ್ಟಿದ್ದ ಎತ್ತರದ ಕೋಲಿಗೆ ಹತ್ತಿಸಿದ ಒಂದು ಕೋಳಿ ಬೆಳಿಗ್ಗೆ ಕೆಳಗೆ ಹಾರಿ ಕಾಲು ಮುರಿದುಕೊಂಡು ಸತ್ತಿತು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಮೇವಿನಿಂದ ಸಾಲದಿದ್ದುದನ್ನು ಕೋಳಿ ತನ್ನ ಎಲುಬಿನಿಂದಲೇ ತೆಗೆದುಕೊಡುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಓಡಾಟವಿಲ್ಲದೆ ಹಾಗೆ ಕೊಟ್ಟ ಎಲುಬು ಕಡ್ಡಿಯಂತೆ ಮುರಿಯುತ್ತದೆ. ನಿಮಗೆ ಸಿಕ್ಕಿದ ಚಿಪ್ಪಿಲ್ಲದ ಮೊಟ್ಟೆಗೂ ಇಂತಹ ಕೊರತೆಯೇ ಕಾರಣವಿರಬಹುದು. ಹಾಗಾಗಿ ಮೇವನ್ನು ಥಟ್ಟನೆ ಬದಲಿಸದೆ, ಫಾರಂನಲ್ಲಿ ತಿನ್ನುತ್ತಿದ್ದ ಲೇಯರ್ ಮ್ಯಾಶನ್ನೇ (ಮೊಟ್ಟೆಕೋಳಿಗಳ ಪುಡಿಮೇವು) ಕೋಳಿಯೊಂದಕ್ಕೆ ದಿನಕ್ಕೆ 110 ಗ್ರಾಂನಂತೆ ಮುಂದುವರಿಸಿ, ಪುಡಿ ಮಾಡಿದ ಸಮುದ್ರದ ಚಿಪ್ಪನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದಷ್ಟನ್ನು ಅವೇ ತಿನ್ನುತ್ತವೆ. ಕೊಕ್ಕಿನ ತುದಿ ಕತ್ತರಿಸಿದ್ದರೆ ನೆಲದ ಒಂದೊಂದು ಕಾಳನ್ನು ಹೆಕ್ಕುವುದು ಅವಕ್ಕೆ ಕಷ್ಟ, ಆದ್ದರಿಂದ ಆಳವಾದ ಪಾತ್ರೆ ಬಳಸಿ.

ಊರಕೋಳಿಗಳ ಜೊತೆ ಈಗಲೇ ಸೇರಿಸಬೇಡಿ, ಅವು ಕುಕ್ಕಿ ಹಣ್ಣು ಮಾಡುತ್ತವೆ. ಎರಡು ಮೂರು ವಾರ ಬಲೆಯ ಆಚೀಚೆ ಪರಸ್ಪರ ನೋಡುತ್ತಿರಲಿ. ಕೆದಕುವುದನ್ನು ನೋಡಿಯೇ ಕಲಿಯುತ್ತವೆ ಎಂಬ ನಿಮ್ಮ ಊಹೆ ಸರಿಯಾದುದೇ. ಮಣ್ಣಿಗಿಳಿದ ಮೇಲೆ ಹೊಟ್ಟೆಹುಳ ತಗಲುವುದರಿಂದ ಜಂತುನಾಶಕದ ಬಗ್ಗೆ ಪಶುವೈದ್ಯರನ್ನು ಕೇಳಿ, ಔಷಧಿಯ ನಂತರ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ತಿಳಿದುಕೊಳ್ಳಿ.

ಮೊಟ್ಟೆ ಮರಳುವ ಸೂಚನೆಯನ್ನು ನೀವೇ ಪರೀಕ್ಷಿಸಬಹುದು: ಕೋಳಿಯ ಹಿಂಭಾಗದಲ್ಲಿ ಕೈಗೆ ಸಿಗುವ ಎರಡು ಚೂಪು ಎಲುಬುಗಳ ನಡುವೆ ಒಂದು ಬೆರಳಷ್ಟೇ ಜಾಗವಿದ್ದರೆ ಸಮಯ ಬಂದಿಲ್ಲ, ಎರಡು ಮೂರು ಬೆರಳು ಹಿಡಿದರೆ ಸಿದ್ಧವಾಗಿದೆ, ಆಗ ಮಾಸಿದ ಜುಟ್ಟೂ ಕೆಂಪೇರಿರುತ್ತದೆ. ಅಷ್ಟರಲ್ಲಿ ನಾಲ್ಕು ಕೋಳಿಗೊಂದರಂತೆ ಮೂರು ಪೆಟ್ಟಿಗೆಗಳಿಗೆ ಒಣಹುಲ್ಲು ಹಾಸಿ, ಮಬ್ಬು ಬೆಳಕಿನ ಮೂಲೆಯಲ್ಲಿರಿಸಿ, ಒಂದೊಂದು ಹುಸಿ ಮೊಟ್ಟೆ ಇಡಿ. ಫಾರಂನಲ್ಲಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ನಮ್ಮೂರಲ್ಲಿ ಹಗಲು ಹೆಚ್ಚೆಂದರೆ 13 ಗಂಟೆ. ಮೊಟ್ಟೆಯ ಆಸೆಗೆ ಗೂಡಿನಲ್ಲಿ ಬಲ್ಬು ಉರಿಸಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ, ದಣಿದ ದೇಹಕ್ಕೆ ಈ ವಿಶ್ರಾಂತಿ ಬೇಕೇ ಬೇಕು. ಮುಂದೆ ಒಂದೊಂದು ಕೋಳಿ ವಾರಕ್ಕೆ ಮೂರು ನಾಲ್ಕು ಮೊಟ್ಟೆ ಕೊಟ್ಟರೂ ಅದು ಒಳ್ಳೆಯ ಫಲವೇ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತದ ನೀರು ಬುಡದ ಹೊಂಡಗಳಲ್ಲಿ, ಬಿದ್ದ ಹಾಳೆಗಳಲ್ಲಿ ನಿಲ್ಲುತ್ತದೆ, ಮತ್ತು ಮೈಲುತುತ್ತದಲ್ಲಿರುವ ತಾಮ್ರ ಕೋಳಿಗೆ ವಿಷ. ಸಿಂಪಡಿಸಿದ ಮೇಲೆ ಒಳ್ಳೆಯ ಮಳೆ ಬಂದು ತೊಳೆದುಹೋಗುವವರೆಗೆ ಕೋಳಿಗಳನ್ನು ಅಂಗಳದ ಬಲೆಯೊಳಗೇ ಇಟ್ಟು, ಹಾಳೆಗಳನ್ನು ಕವುಚಿ ಹಾಕಿದ ನಂತರವೇ ತೋಟಕ್ಕೆ ಬಿಡಿ.